ಸಾಲಿನಲ್ಲಿ ಯಾರ ಪಕ್ಕ ಯಾರು

ಜನರಿಂದ ಕೆಲಸ ತೆಗೆಯುವುದು ಹೇಗೆಂದು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ನನಗೆ ಪೂರ್ತಿಯಾಗಿ ಗೊತ್ತಿತ್ತು. ಆ ಜ್ಞಾನ ಒಂದು ತಿಂಗಳು ಬಾಳಿತು. ಆಗ ನಾನು ಹೊಸಪೇಟೆ ಸ್ಟೇಷನ್ನಿನ ಬದಿಯ ಅದಿರಿನ ಅಂಗಳದಲ್ಲಿ ಸೂಪರ್‌ವೈಸರ್ ಆಗಿದ್ದೆ.

ಸಂಡೂರಿನ ಗುಡ್ಡದಿಂದ ಮ್ಯಾಂಗನೀಸ್ ಅದಿರು ಬಂದು ಅಲ್ಲಿ ರಾಶಿ ಬೀಳುತ್ತಿತ್ತು. ಚಿತ್ತವಾಡ್ಗಿಯ ನಲವತ್ತು ಜನ, ಗಂಡಸರು ಹೆಂಗಸರು, ರಾಶಿಯಿಂದ ರೈಲಿನ ಡಬ್ಬಿಯ ತನಕ ಸಾಲಾಗಿ ನಿಂತು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅವರಿಗೆ ಮೇಸ್ತ್ರಿ ಒಬ್ಬ ಮುದುಕಿ. ಬೆಳಿಗ್ಗೆ ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವುದು, ಆಮೇಲೆ ಬೇವಿನ ಮರದ ಕೆಳಗೆ ಕೂತು ಎಲೆಅಡಿಕೆ ಜಗಿಯುವುದು. ನನ್ನ ಕಣ್ಣಿಗೆ ಕಂಡ ಆಕೆಯ ಕೆಲಸ ಇಷ್ಟೇ.

ಮ್ಯಾನೇಜರು ಮದ್ರಾಸಿನಲ್ಲಿ ಓದಿ ಬಂದವರು. "ಬಲ ನೋಡಿ ಜನರನ್ನು ನಿಲ್ಲಿಸು. ಕೂತು ತಿನ್ನುವವರನ್ನು ತೆಗೆದುಹಾಕು. ಶನಿವಾರ ಮಧ್ಯಾಹ್ನ ಗೂಡ್ಸ್ ಗಾಡಿ ಬರುವಷ್ಟರಲ್ಲಿ ಮೂರು ಡಬ್ಬಿ ತುಂಬಿದ್ದರೆ ನಿನ್ನ ನೌಕರಿ ಖಾಯಂ. ಇಲ್ಲದಿದ್ದರೆ ಹಂಪಿಗೆ ಹೋಗಿ ಗಂಟೆ ಬಾರಿಸು" ಎಂದರು. ಹಂಪಿಯಲ್ಲಿ ನನ್ನ ಸೋದರಮಾವ ಪೂಜೆ ಮಾಡಿಕೊಂಡಿದ್ದರು. ನಾನು ಯಾವಾಗ ಕೆಲಸ ಕಳೆದುಕೊಂಡು ಬರುತ್ತೇನೋ ಎಂದು ಕಾಯುತ್ತಿದ್ದರು. ನಾನಾದರೋ ಆಗಲೇ ಎರಡು ಪ್ಯಾಂಟು ಹೊಲಿಸಿಕೊಂಡಿದ್ದೆ.

ಶುಕ್ರವಾರ ಸಂಜೆ ಮುದುಕಿಯನ್ನು ಕರೆದು, "ನಾಳೆಯಿಂದ ನೀನು ಬರಬ್ಯಾಡವ್ವ" ಎಂದೆ. ಆಕೆ ನನ್ನನ್ನೇ ನೋಡಿ, "ಆಗ್ಲಿ ಆಚಾರ್ರ" ಎಂದಳು. ಒಂದು ಮಾತು ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ಶನಿವಾರ ಬೆಳಿಗ್ಗೆ ನಾನೇ ಸಾಲು ನಿಲ್ಲಿಸಿದೆ. ಎತ್ತರ ನೋಡಿದೆ, ತೋಳು ನೋಡಿದೆ. ಪೈಲ್ವಾನನಂಥ ಒಬ್ಬ ಹಿರಿಯನ ಪಕ್ಕ ಅಷ್ಟೇ ಗಟ್ಟಿಮುಟ್ಟಾದ ಒಬ್ಬ ಹೆಂಗಸನ್ನು ನಿಲ್ಲಿಸಿದೆ. ಮದ್ರಾಸೇ ಬಂದು ನೋಡಿ ಮೆಚ್ಚಬೇಕಿತ್ತು, ಅಂಥ ಸಾಲು.

ಮೊದಲ ಬುಟ್ಟಿ ಆ ಹಿರಿಯನ ತನಕ ಬಂತು. ಅವನು ಅದನ್ನು ನೆಲಕ್ಕಿಟ್ಟು ಅತ್ತ ತಿರುಗಿ ನಿಂತ. ಆಕೆ ಸೆರಗು ಎಳೆದುಕೊಂಡು, ತಲೆ ತಗ್ಗಿಸಿ ಬಂದು, ಬುಟ್ಟಿ ಎತ್ತಿಕೊಂಡಳು. ಎರಡನೆಯ ಬುಟ್ಟಿಗೂ ಅದೇ ಆಯಿತು. ಸಾಲಿನುದ್ದಕ್ಕೂ ಐದಾರು ಕಡೆ ಇದೇ ನಾಟಕ. ವಿಚಾರಿಸಿದರೆ, ಅವನು ಮಾವ, ಅವಳು ಸೊಸೆ. ಮುಂದೆ ಅತ್ತೆಯ ಪಕ್ಕ ಅಳಿಯ. ಇವರು ಒಬ್ಬರ ಕೈಯಿಂದ ಒಬ್ಬರು ಏನನ್ನೂ ತೆಗೆದುಕೊಳ್ಳುವಂತಿಲ್ಲ, ಎದುರು ನಿಂತು ಮಾತಾಡುವಂತಿಲ್ಲ. ನಲವತ್ತು ಜನರೂ ಒಬ್ಬರಿಗೊಬ್ಬರು ನೆಂಟರೇ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ನಾನು ಕೂಗಾಡಿದೆ. ಅವರು ವಿನಯದಿಂದ ಕೇಳಿಸಿಕೊಂಡು ಮತ್ತೆ ಬುಟ್ಟಿ ನೆಲಕ್ಕಿಟ್ಟರು. ಹತ್ತು ಗಂಟೆಯಾದರೂ ಅರ್ಧ ಡಬ್ಬಿ ತುಂಬಿರಲಿಲ್ಲ.

ಮುದುಕಿ ಮನೆಯಲ್ಲಿರದೆ ಬೇವಿನ ಮರದ ಕೆಳಗೇ ಬಂದು ಕೂತಿದ್ದಳು. ನಾಚಿಕೆ ಬಿಟ್ಟು ಹತ್ತಿರ ಹೋದೆ.

"ತಪ್ಪಾತವ್ವ. ಸಾಲು ಹಚ್ಚಿಕೊಡು."

"ನಾ ಏನೂ ಕೆಲಸ ಮಾಡಾಕಿ ಅಲ್ಲಲ್ರೀ" ಎಂದಳು. ಎಲೆಗೆ ಸುಣ್ಣ ಸವರುವ ತನಕ ನನ್ನನ್ನು ಬಿಸಿಲಲ್ಲೇ ನಿಲ್ಲಿಸಿದಳು. ಆಮೇಲೆ ಏಳದೆಯೇ ಕೂಗಿದಳು. "ಲೇ, ನೀ ಅಕ್ಕನ ಹಂತ್ಯಾಕ ಹೋಗು. ನೀ ಹಿಂದಕ ಬಾ." ಎಲೆ ಜಗಿಯುವಷ್ಟರಲ್ಲಿ ಸಾಲು ಸರಿಹೋಯಿತು. ಆ ಮಾವ ಸೊಸೆಯರ ನಡುವೆ ಮಾತ್ರ ಒಂದು ಜಾಗ ಖಾಲಿ ಉಳಿಯಿತು.

"ಅಲ್ಲಿ ನಿಂದ್ರೋದು ಅವನ ಮಗಳು. ಬಾಣಂತನಕ್ಕ ಕಂಪ್ಲಿಗೆ ಹೋಗ್ಯಾಳ. ನೀವು ಅವರಿಬ್ಬರಿಗೂ ಏನೂ ಆಗಬೇಕಿಲ್ಲ. ಹೋಗಿ ನಿಂದರ್ರಿ."

ನಿಂತೆ. ಪ್ಯಾಂಟು ಕರ್ರಗಾಯಿತು, ಮಡಿಯ ಗತಿಯೂ ಅದೇ. ಸಂಜೆ ಅಮ್ಮ ಹೊಸಿಲ ಆಚೆಯೇ ನಿಲ್ಲಿಸಿ ಎರಡು ಕೊಡ ನೀರು ಸುರಿದಳು. ಆದರೆ ಬುಟ್ಟಿ ಎಲ್ಲೂ ನೆಲ ಮುಟ್ಟದೆ ಹರಿಯಿತು. ಗೂಡ್ಸ್ ಗಾಡಿ ಕೂಗುವಾಗ ಮೂರನೆಯ ಡಬ್ಬಿಗೆ ಕೊನೆಯ ಬುಟ್ಟಿ ಬೀಳುತ್ತಿತ್ತು.

ಮ್ಯಾನೇಜರು ಬಂದು ನನ್ನ ಅವತಾರ ನೋಡಿ ಹಿಗ್ಗಿದರು. "ಭೇಷ್! ಆಳಿನ ಜೊತೆ ಆಳಾಗುವವನೇ ನಿಜವಾದ ಯಜಮಾನ!" ಎಂದರು. ಆಮೇಲೆ ಮರದ ಕಡೆ ಕಣ್ಣು ಹಾಯಿಸಿ, "ಆ ಮುದುಕಿಯನ್ನು ಇನ್ನೂ ತೆಗೆದಿಲ್ಲವೇನು?" ಎಂದು ಕೇಳಿದರು.

ಸುಮ್ಮನಿದ್ದಿದ್ದರೆ ನೌಕರಿ ನನ್ನದಾಗುತ್ತಿತ್ತು. ಸುಮ್ಮನಿರಬೇಕೆಂದೂ ಇದ್ದೆ. ಆದರೆ ಸಾಲಿನ ನಲವತ್ತು ಜನರೂ ನನ್ನ ಬಾಯನ್ನೇ ನೋಡುತ್ತಿದ್ದರು, ನನಗೆ ತಡೆಯಲಾರದಷ್ಟು ನಾಚಿಕೆಯಾಯಿತು. "ಸಾಲು ನಿಲ್ಲಿಸಿದ್ದು ಆಕೆ ಸಾರ್. ನನ್ನನ್ನೂ ನಿಲ್ಲಿಸಿದ್ದು ಆಕೆಯೇ. ನಾನು ನಿಲ್ಲಿಸಿದ ಸಾಲಿನಿಂದ ಅರ್ಧ ಡಬ್ಬಿಯೂ ತುಂಬಲಿಲ್ಲ" ಎಂದೆ.

"ಎಲ್ಲ ಆಕೆಯೇ ಮಾಡುವುದಾದರೆ ನೀನು ಯಾತಕ್ಕೆ?"

ಮುದುಕಿ ಪಕ್ಕಕ್ಕೆ ಉಗುಳಿ ಬಾಯಿ ಒರೆಸಿಕೊಂಡಳು.

"ಇರ್ಲಿ ಬಿಡ್ರಿ ಸಾಹೇಬ್ರ. ಹುಡುಗ ಭಾಳ ಚಲೋ ಅದಾನ, ಬುಟ್ಟಿ ಹಿಡಿಯಾಕ ಕಲ್ತಾನ. ಕಂಪ್ಲಿಯಿಂದ ಆಕಿ ಬರೋತನಕ ಇಟ್ಕೊಳ್ರಿ."

ಮ್ಯಾನೇಜರು ನನ್ನನ್ನು ಅಲ್ಲಿಯ ತನಕ ಇಟ್ಟುಕೊಂಡರು.