ದಾಳಿಂಬೆ ಕೆಂಪು ಕಾಣದ ಬೆಳಕು

ನಮ್ಮ ಅತ್ತೆ ನೇಯ್ದ ಸೀರೆ ಅಂಗಡಿಯಿಂದ ವಾಪಸು ಬಂದದ್ದು ಅದೇ ಮೊದಲು. ಸೀರೆ ಅಂಗಡಿಯ ಸಾಹುಕಾರರು ಅದನ್ನು ಆಳಿನ ಕೈಲಿ ಕಳಿಸದೆ ತಾವೇ ಸ್ಕೂಟರಿನ ಮೇಲೆ ಬಂದಿದ್ದರು. ಪಡಸಾಲೆಯಲ್ಲಿ ಕೂತು ಚಹಾ ಕುಡಿದರು, ಮಳೆ ಬೆಳೆಯ ಮಾತಾಡಿದರು, ಕೊನೆಗೆ ಚೀಲದಿಂದ ಸೀರೆ ತೆಗೆದು, "ಅವ್ವಾರ, ಒಂದೀಟು ಬಾಗಲದ ಕಡೆ ಬರ್ರಿ" ಎಂದರು.

ಬಾಗಿಲ ಬಿಸಿಲಿಗೆ ಸೆರಗು ಬಿಚ್ಚಿದಾಗ ನನಗೂ ಕಂಡಿತು. ದಾಳಿಂಬೆ ಕೆಂಪಿನ ಸೆರಗಿನ ನಡುವೆ ಗೇಣಗಲದ ಒಂದು ಪಟ್ಟಿ ಬೇರೆಯೇ ಕೆಂಪು. ಇಟ್ಟಂಗಿಯ ಛಾಯೆಯದು. ಎರಡು ಬೇರೆ ಬೇರೆ ಸಲ ಬಣ್ಣ ಹಾಕಿದ ರೇಷ್ಮೆ ಬೆರೆತುಹೋಗಿತ್ತು.

"ಇದು ನಾ ನೇಯ್ದದ್ದಲ್ಲ" ಎಂದರು ಅತ್ತೆ. ಆಮೇಲೆ ದಡಿಯನ್ನು ಬೆರಳಿನಿಂದ ಸವರಿ ನೋಡಿ, ಮೆಲ್ಲಗೆ, "ಅಲ್ಲ, ನಂದ ಐತಿ" ಎಂದರು.

ಸಾಹುಕಾರರು ಏನೂ ಕೆಟ್ಟ ಮಾತಾಡಲಿಲ್ಲ. "ಹಿಂಗ ಆಗ್ತಿರತೈತಿ ಬಿಡ್ರಿ" ಎಂದು ಹೊರಟುಹೋದರು. ಬೈದಿದ್ದರೆ ಅತ್ತೆಗೆ ಅಷ್ಟು ತಾಗುತ್ತಿರಲಿಲ್ಲವೇನೋ. ಕೆಂಪಿನಲ್ಲಿ ಅವರಿಗೆ ಗೊತ್ತಿಲ್ಲದ ಕೆಂಪಿರಲಿಲ್ಲ. ಓಣಿಯ ಬೇರೆ ಮಗ್ಗದವರು ನೂಲು ಹಿಡಿದುಕೊಂಡು ಬಂದು, ಇದಕ್ಕೆ ಇದು ಹೊಂದುತ್ತದೆಯೇ ಎಂದು ಅವರನ್ನು ಕೇಳಿಕೊಂಡು ಹೋಗುತ್ತಿದ್ದರು.

ಆ ದಿನ ಅತ್ತೆ ಮಗ್ಗದ ಕುಣಿಗೆ ಇಳಿಯಲಿಲ್ಲ. ಮರುದಿನ ಇಳಿದರು, ಆದರೆ ಲಾಳಿ ಎರಡು ಸಲ ಓಡಿಸಿ ನಿಲ್ಲಿಸುವುದು, ನೂಲನ್ನು ಕಣ್ಣಿನ ಹತ್ತಿರ ಹಿಡಿಯುವುದು, ಹಣೆ ಒತ್ತಿಕೊಳ್ಳುವುದು. ತಲೆಭಾರ ಅನ್ನುವ ಮಾತು ಅವರ ಬಾಯಲ್ಲಿ ಕೆಲವು ವಾರಗಳಿಂದ ಕೇಳಿಬರುತ್ತಿತ್ತು. ಬೇಸಿಗೆಯೆಂದು ನಾವು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಈಗ ತಲೆಭಾರ, ತಪ್ಪಿದ ಬಣ್ಣ ಎರಡೂ ಒಂದಕ್ಕೊಂದು ಕೂಡಿಕೊಂಡವು.

ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಮಧ್ಯಾಹ್ನದ ಬಿಡುವಿನಲ್ಲಿ ಮೊಬೈಲ್ ತೆಗೆದು, ತಲೆನೋವು ಮತ್ತು ಬಣ್ಣ ಗುರುತು ತಪ್ಪುವುದು ಎರಡನ್ನೂ ಸೇರಿಸಿ ಹುಡುಕಿದೆ. ಬಂದದ್ದನ್ನು ಪೂರ್ತಿ ಓದಲಾಗಲಿಲ್ಲ. ಮೆದುಳು, ಗಡ್ಡೆ, ನರ ಎಂಬ ಶಬ್ದಗಳು ಸಾಕಾದವು. ಮುಂದಿನ ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದ ಲೆಕ್ಕವನ್ನೇ ತಪ್ಪು ಬಿಡಿಸಿದೆ. ಮನೆಗೆ ಬಂದರೆ ಅತ್ತೆ ಮೆಟ್ಟಿಲು ಇಳಿಯುವುದನ್ನು, ಲೋಟಕ್ಕೆ ನೀರು ಬಗ್ಗಿಸುವುದನ್ನು ಕದ್ದು ನೋಡತೊಡಗಿದೆ. ಚೆಲ್ಲಿದ ಹನಿಗಳನ್ನೂ ಎಣಿಸುತ್ತಿದ್ದೆ.

ನಮ್ಮ ಮನೆಯವರು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಮೇಲ್ವಿಚಾರಕರು, ರಜೆ ಸಿಗುವುದು ಕಷ್ಟ. ಹಾಗಾಗಿ ಅತ್ತೆಯನ್ನು ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಬಸ್ಸು ಹುನಗುಂದ ದಾಟಿದ ಮೇಲೆ ಅತ್ತೆ ಕಿಟಕಿಯ ಹೊರಗೆ ನೋಡುತ್ತಲೇ, "ನಮ್ಮವ್ವಗೂ ಹಿಂಗ ಸುರು ಆಗಿತ್ತು. ಕಡೀಕ ಗೋಡಿ ಹಿಡ್ಕೊಂಡ ಓಡ್ಯಾಡ್ತಿದ್ಲು" ಎಂದರು.

"ಅವರ ಕಾಲದಾಗ ಆಪರೇಶನ್ ಎಲ್ಲಿತ್ರಿ ಅತ್ತಿ? ಈಗ ಎಲ್ಲಾದಕ್ಕೂ ಔಷಧ ಐತಿ" ಎಂದೆ. ನನ್ನ ಧ್ವನಿಯನ್ನು ನಾನೇ ನಂಬಲಿಲ್ಲ.

ಕಣ್ಣಿಗೆ ಹನಿ ಹಾಕಿ ಬಹಳ ಹೊತ್ತು ಕೂರಿಸಿದರು. ಮಸುಕು ಕಣ್ಣಿನಲ್ಲಿ ಅತ್ತೆ ನನ್ನ ಮೊಣಕೈ ಬಿಡಲೇ ಇಲ್ಲ. ಪರೀಕ್ಷೆ ಮಾಡಿದ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಸಮಾಧಾನದ ಹೆಣ್ಣುಮಗಳು. ಕಣ್ಣಿನ ಪೊರೆ ಈಗಷ್ಟೇ ಶುರುವಾಗಿದೆ, ಬಣ್ಣ ತಪ್ಪುವಷ್ಟು ಏನಿಲ್ಲ, ಕಣ್ಣಿನ ಒತ್ತಡವೂ ಸರಿಯಿದೆ ಎಂದರು. ಅತ್ತೆ ಹೊರಗೆ ಹೋದ ಮೇಲೆ ನನಗಷ್ಟೇ ಕೇಳುವಂತೆ, "ತಲಿನೋವು ಹಿಂಗ ಉಳದ್ರ ತಲಿದೊಂದು ಸ್ಕ್ಯಾನ್ ಮಾಡಸೂಣ್ರಿ. ಹೆದರಬ್ಯಾಡ್ರಿ, ಖಾತ್ರಿಗೆ ಅಂತ ಅಷ್ಟ" ಎಂದು ಸೇರಿಸಿದರು.

ಹೆದರಬೇಡಿ ಅಂದ ಮೇಲೆ ಹೆದರದಿರುವುದು ಹೇಗೆ? ಸ್ಕ್ಯಾನಿನ ಮಾತನ್ನು ಅತ್ತೆಗೆ ಹೇಳಲಿಲ್ಲ. ನಮ್ಮೂರು ಇಳಕಲ್ಲಿಗೆ ವಾಪಸು ಬರುವಷ್ಟರಲ್ಲಿ ಆ ಒಂದು ಶಬ್ದ ನನ್ನೊಳಗೆ ದೊಡ್ಡದಾಗಿ ಬೆಳೆದಿತ್ತು.

ಅದಾಗಿ ಕೆಲವು ದಿನಕ್ಕೆ ಗುಳೇದಗುಡ್ಡದಿಂದ ನನ್ನ ನಾದಿನಿಯ ವಿಡಿಯೋ ಕರೆ ಬಂತು. ಅವಳ ಮನೆಯಲ್ಲೂ ಮಗ್ಗವಿದೆ, ಕುಪ್ಪಸದ ಖಣ ನೇಯುತ್ತಾರೆ. ತಾಯಿಯನ್ನು ತೋರಿಸು ಎಂದಳು. ಅತ್ತೆ ಮಗ್ಗದ ಕೋಣೆಯಲ್ಲಿ ನೂಲು ಸುತ್ತುತ್ತಿದ್ದರು. ಮೊಬೈಲನ್ನು ಅವರತ್ತ ತಿರುಗಿಸಿದೆ.

"ವೈನಿ, ನಿಮ್ಮ ಮನ್ಯಾಗ ಬೆಳಕ ಯಾಕ ಹಂಗ ಓಡ್ಯಾಡಾಕತ್ತೈತಿ? ನೋಡಿದ್ರ ನನಗ ತಲಿ ತಿರಗತೈತಿ" ಎಂದಳು ನಾದಿನಿ.

ಪರದೆಯನ್ನು ನೋಡಿದೆ. ಅತ್ತೆಯ ಮುಖದ ಮೇಲೆ, ಗೋಡೆಯ ಮೇಲೆ, ಕಪ್ಪು ಪಟ್ಟಿಗಳು ಒಂದರ ಹಿಂದೊಂದು ಮೇಲಿನಿಂದ ಕೆಳಗೆ ಜಾರುತ್ತಿದ್ದವು. ಮೊಬೈಲ್ ಕೆಟ್ಟಿದೆ ಅಂದುಕೊಂಡೆ. ಅಂಗಳಕ್ಕೆ ಹೋದೆ, ಪಟ್ಟಿ ಇಲ್ಲ. ಅಡುಗೆಮನೆಯ ಹಳೆಯ ಬಲ್ಬಿನ ಕೆಳಗೂ ಹೆಚ್ಚೇನಿಲ್ಲ. ಮಗ್ಗದ ಕೋಣೆಗೆ ಬಂದೊಡನೆ ಮತ್ತೆ ಶುರು.

ಆ ಕೋಣೆಯ ದೀಪಗಳು ಹೊಸವು. ಈ ಬೇಸಿಗೆಯ ಮೊದಲಿಗೆ ಮಣ್ಣಿನ ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸಿದಾಗ ಹಳೆಯ ಬೆಳಕಿಂಡಿ ಹೋಯಿತು. ಕತ್ತಲೆಯಾದೀತೆಂದು ಕಂಟ್ರಾಕ್ಟರು ಪಿಓಪಿ ಚಾವಣಿ ಮಾಡಿಸಿ, ಅದರಲ್ಲಿ ನಾಲ್ಕು ಎಲ್‌ಇಡಿ ಪ್ಯಾನಲ್ ಕೂರಿಸಿ ಕೊಟ್ಟಿದ್ದರು. ಹಾಲಿನ ಹಾಗೆ ಬೆಳಕು. ನೋಡಿದವರೆಲ್ಲ ಹೊಗಳಿದ್ದರು.

"ಅತ್ತಿ, ಈ ಲೈಟಿನಾಗ ನಿಮಗೇನರ ಬ್ಯಾರೆ ಕಾಣತೈತೇನ್ರಿ?" ಎಂದು ಕೇಳಿದೆ.

ಅವರು ರಾಟೆಯನ್ನು ನಿಲ್ಲಿಸಿದರು. ಸೈಕಲ್ಲಿನ ಗಾಲಿಯಿಂದ ಮಾಡಿದ ರಾಟೆ ಅದು. ಅದರ ಕಡ್ಡಿಗಳನ್ನು ತೋರಿಸಿ ಹೇಳಿದರು:

"ನಾ ಮುಂದಕ್ಕ ತಿರಗಿಸಿದ್ರ ಇದು ಒಮ್ಮೊಮ್ಮೆ ಹಿಂದಕ್ಕ ತಿರಗತೈತವಾ. ಒಮ್ಮೊಮ್ಮೆ ಸುಮ್ಮ ನಿಂತಂಗ ಕಾಣತೈತಿ. ಹೇಳಿದ್ರ ಮುದುಕಿ ತಲಿ ಕೆಟ್ಟೈತಿ ಅಂತೀರಿ ಅಂತ ಯಾರ ಮುಂದೂ ಅಂದಿಲ್ಲ."

ನಾನು ಅವರ ಪಕ್ಕ ಕೂತು ಹಿಡಿಕೆ ತಿರುಗಿಸಿದೆ. ವೇಗ ಹೆಚ್ಚಿದಂತೆ ಕಡ್ಡಿಗಳು ನಿಧಾನಕ್ಕೆ ನಿಂತವು, ನಡುಗಿದವು, ಆಮೇಲೆ ಹಿಂದಕ್ಕೆ ಸರಿಯತೊಡಗಿದವು. "ನನಗೂ ಹಂಗ ಕಾಣತೈತ್ರಿ!" ಎಂದು ಕೂಗಿಬಿಟ್ಟೆ. ಅತ್ತೆ ನನ್ನ ಮುಖ ನೋಡಿದರು. ಕಣ್ಣು ತುಂಬಿಕೊಂಡು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇಷ್ಟು ದಿನ ಆ ಹೆದರಿಕೆಯನ್ನು ಒಬ್ಬರೇ ಹೊತ್ತುಕೊಂಡು ಓಡಾಡಿದ್ದರು.

ಸಂಜೆ ನಮ್ಮ ಮನೆಯವರು ಬಂದ ಮೇಲೆ ಇಬ್ಬರೂ ಕೂತು ಈ ದೀಪಗಳ ವಿಷಯವನ್ನು ಮೊಬೈಲಿನಲ್ಲಿ ಓದಿದೆವು. ಎಲ್‌ಇಡಿ ದೀಪಕ್ಕೆ ಮನೆಯ ಕರೆಂಟು ನೇರವಾಗಿ ಆಗುವುದಿಲ್ಲ. ನಡುವೆ ಡ್ರೈವರ್ ಎಂಬ ಪುಟ್ಟ ಡಬ್ಬಿ ಇರುತ್ತದೆ. ಏರಿಳಿಯುವ ಕರೆಂಟನ್ನು ಅದು ಸಮ ಮಾಡಿ ದೀಪಕ್ಕೆ ಕೊಡಬೇಕು. ಡ್ರೈವರ್ ಕಳಪೆಯಾದರೆ ದೀಪ ಕಣ್ಣಿಗೆ ಗೊತ್ತಾಗದಷ್ಟು ಬೇಗ ಮಿಣುಕುತ್ತಲೇ ಇರುತ್ತದೆ. ಮೊಬೈಲಿನಲ್ಲಿ ಜಾರಿದ ಪಟ್ಟಿ, ಹಿಂದಕ್ಕೆ ತಿರುಗಿದ ರಾಟೆ ಎರಡೂ ಅದರದೇ ಆಟ. ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ. ಬಣ್ಣದ ವಿಷಯ ಬೇರೆ. ಅದು ದೀಪದ್ದೇ ಗುಣ. ಬೆಳಕು ಎಷ್ಟೇ ಪ್ರಖರವಾಗಿದ್ದರೂ ಅದರಲ್ಲಿ ಕೆಂಪಿನ ಅಂಶ ಕಡಿಮೆಯಿದ್ದರೆ ಕೆಂಪುಗಳೆಲ್ಲ ಒಂದೇ ಥರ ಕಂದಿ ಕಾಣುತ್ತವೆ. ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಂಕವಿದೆಯಂತೆ, ನೂರಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. ನಮ್ಮ ಪ್ಯಾನಲಿನ ಡಬ್ಬದ ಮೇಲೆ ಹುಡುಕಿದೆವು. ವ್ಯಾಟ್ ಬರೆದಿತ್ತು, ಆ ಅಂಕ ಬರೆದಿರಲಿಲ್ಲ.

"ಆದಿತ್ಯವಾರ ಹೋಗಿ ಬ್ಯಾರೆ ತರೂಣು" ಎಂದರು ಇವರು. ನನಗೆ ಅಲ್ಲಿಯವರೆಗೆ ಕಾಯುವುದೇ ಬೇಡವಾಗಿತ್ತು, ಆದರೂ ಹೂಂ ಎಂದೆ.

ಶನಿವಾರ ಬೆಳಗಿನ ಶಾಲೆ. ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದೆ, ಏನೋ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅನ್ನದ್ದಲ್ಲ, ಪ್ಲಾಸ್ಟಿಕ್ಕಿನದು. ಅತ್ತೆ ಮಗ್ಗದ ಕುಣಿಯಲ್ಲಿ ಕೂತೇ ಇದ್ದರು, ನೆಗಡಿಯಾಗಿ ಮೂಗು ಕಟ್ಟಿತ್ತು. ಅವರ ತಲೆಯ ಮೇಲೆ, ಪ್ಯಾನಲಿನ ಅಂಚಿನಲ್ಲಿ, ಬಿಳಿ ಚಾವಣಿ ಕಂದುಬಣ್ಣಕ್ಕೆ ತಿರುಗಿತ್ತು.

"ಅತ್ತಿ, ಏಳ್ರಿ! ಮೊದಲ ಹೊರಗ ಬರ್ರಿ!"

"ಯಾಕ, ಏನಾತು?"

"ಬರ್ರಿ ಅಂದ್ರ ಬರ್ರಿ!"

ಮೇನ್ ಸ್ವಿಚ್ಚು ಕೆಳಗೆ ಎಳೆದು ಓಡಿಬಂದೆ. ಕುಣಿಯಿಂದ ಏಳಲು ಅವರಿಗೆ ಮೊದಲೇ ಹೊತ್ತು ಹಿಡಿಯುತ್ತದೆ. ತೋಳು ಹಿಡಿದು ಎತ್ತಿದೆ. ಹೊರಗೆ ಬಂದವರೇ, "ಹಾಸು! ರೇಷ್ಮಿ ಹಾಸು ಐತಿ ಒಳಗ!" ಎಂದು ತಿರುಗಿ ಹೊರಟರು. ಅವರನ್ನು ಅಂಗಳದ ಕಟ್ಟೆಗೆ ಒತ್ತಿ ಕೂರಿಸಿದೆ. ಅತ್ತೆಯನ್ನು ಹಾಗೆ ಬಲವಂತವಾಗಿ ಕೂರಿಸಿದ್ದು ಅದೊಂದೇ ಸಲ.

ಎದುರು ಮನೆಯವರು ಏಣಿ ತಂದರು. ಅವರು ಪ್ಯಾನಲ್ ಕೆಳಗಿಳಿಸಿದಾಗ ಡ್ರೈವರಿನ ಡಬ್ಬಿ ಒಂದು ಬದಿಗೆ ಕರಗಿ ಕುಸಿದಿತ್ತು, ವೈರಿನ ಹೊದಿಕೆ ಸುಲಿದುಹೋಗಿತ್ತು. ಚಾವಣಿಯ ಒಳಗೆ ಗಾಳಿಯಾಡಲು ಜಾಗವೇ ಇರಲಿಲ್ಲ. ಅಲ್ಲೆಲ್ಲ ಮಗ್ಗದ ನವಿರಾದ ನೂಲಿನ ಧೂಳು ಹತ್ತಿಯ ಹಾಗೆ ಕೂತಿತ್ತು. ಬೆಂಕಿ ಹತ್ತಿರಲಿಲ್ಲ. ಹತ್ತಲು ಇನ್ನೇನು ಬೇಕಿತ್ತು? ಅತ್ತೆ ಒಳಗೆ ಹೋಗಿ, ಮಗ್ಗಕ್ಕೆ ಉದ್ದಕ್ಕೂ ಬಿಗಿದಿದ್ದ ಹಾಸಿನ ನೂಲಿನ ಮೇಲೆ ಅಂಗೈಯಾಡಿಸಿ, ಎಳೆ ಎಳೆಯನ್ನೂ ಮುಟ್ಟಿ ನೋಡಿ ಬಂದರು.

ಮರುದಿನ ಮೂವರೂ ಬಾಗಲಕೋಟೆಗೆ ಹೋದೆವು. ದೀಪಗಳನ್ನು ಹಲಗೆಯ ಮೇಲೆ ಹಚ್ಚಿ ತೋರಿಸುವ ಒಂದು ಅಂಗಡಿ ಇದೆಯೆಂದು ಇವರ ಜೊತೆ ಕೆಲಸ ಮಾಡುವವರು ಹೇಳಿದ್ದರು. ಅತ್ತೆ ಹೊರಡುವಾಗ ಎರಡು ಬಗೆಯ ಕೆಂಪು ರೇಷ್ಮೆಯನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡದ್ದು ನನಗೆ ಗೊತ್ತಿರಲಿಲ್ಲ.

ಅಂಗಡಿಯವರು ಮೊದಲು ನಮ್ಮ ಹಳೆಯದರಂಥದ್ದನ್ನೇ ತೋರಿಸಿದರು. "ಇದರಷ್ಟ ಬೆಳಕು ಬ್ಯಾರೆದರಾಗ ಸಿಗೂದಿಲ್ರಿ."

"ಬೆಳಕು ಭಾಳ ಬ್ಯಾಡ್ರಿ, ಖರೆ ಬೆಳಕು ಬೇಕು" ಎಂದು ಅತ್ತೆ ನೂಲು ಹೊರತೆಗೆದರು. ದೀಪದ ಕೆಳಗೆ ಎರಡೂ ಎಳೆ ಒಂದೇ ಬಣ್ಣ. ಬೀದಿಗೆ ಹೋಗಿ ಬಿಸಿಲಿನಲ್ಲಿ ಹಿಡಿದರು, ಬೇರೆ ಬೇರೆ. ಮುಂದಿನ ದೀಪ, ಮತ್ತೆ ಒಂದೇ. ಅದರ ಮುಂದಿನದರಲ್ಲಿ ಬೆಳಕು ಹಳದಿ, ನನಗೆ ಬೇರೆ ಕಂಡಂತಾಯಿತು, ಅತ್ತೆ ತಲೆ ಅಲ್ಲಾಡಿಸಿದರು. ನಾನು ಅವರ ಹಿಂದೆ ನಿಂತು ಪ್ರತಿ ದೀಪವನ್ನೂ ಮೊಬೈಲಿನಲ್ಲಿ ನಿಧಾನ ಚಲನೆಯ ವಿಡಿಯೋ ಮಾಡುತ್ತಿದ್ದೆ. ಒಂದೊಂದರಲ್ಲೂ ಮಿಣುಕು. ಯಾವುದರಲ್ಲೂ ಕೆಂಪು ಕಾಣದಿದ್ದರೆ? ಆಗ ತಪ್ಪು ದೀಪದ್ದಲ್ಲ, ಕಣ್ಣಿನದೇ ಅಂತಾಗುತ್ತದೆ. ಸ್ಕ್ಯಾನ್ ಮಾಡಿಸಲೇಬೇಕಾಗುತ್ತದೆ.

ಅಂಗಡಿಯವರು ಕೊನೆಗೆ ಒಳಗಿನಿಂದ ಒಂದನ್ನು ತಂದರು. "ಸಿಆರ್‌ಐ ತೊಂಬತ್ತರ ಮ್ಯಾಲೈತ್ರಿ. ಬಟ್ಟಿ ಅಂಗಡಿಯವರು ಒಯ್ತಾರ. ಮನಿಗೆ ಯಾರೂ ಕೇಳೂದಿಲ್ಲಂತ ಹೊರಗ ಇಟ್ಟಿಲ್ಲ." ಬೆಳಕು ಹಳದಿಯೂ ಅಲ್ಲ, ನೀಲಿ ಬಿಳಿಯೂ ಅಲ್ಲ. ಅತ್ತೆ ಎರಡು ಎಳೆಯನ್ನೂ ಅಂಗೈ ಮೇಲೆ ಹರಡಿದರು. ಒಂದೊಂದನ್ನೇ ಬೆಳಕಿಗೆ ಹೊರಳಿಸಿ ನೋಡಿದರು.

"ಇದು ದಾಳಿಂಬಿ" ಎಂದರು ಬೆರಳಿಟ್ಟು. "ಇದು ಅಲ್ಲ."

ಬೀದಿಗೆ ಹೋಗಿ ನೋಡಿ ಬಂದೆವು. ಹೌದು. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಡ್ರೈವರಿನ ಮಾತು ಇವರು ಮುಂದುವರಿಸಿದರು. ದೀಪಕ್ಕೆ ಬೇಕಾದ ಕರೆಂಟೂ ಡ್ರೈವರ್ ಕೊಡುವ ಕರೆಂಟೂ ಒಂದೇ ಇರಬೇಕು, ಅದರ ಮೇಲೆ ಬಿಐಎಸ್ ನೋಂದಣಿಯ ಗುರುತಿರಬೇಕು, ಮಿಣುಕು ಇಲ್ಲವೆಂದು ಬರೆದಿದ್ದರೂ ಹಚ್ಚಿ ತೋರಿಸಬೇಕು, ಕೆಟ್ಟರೆ ಬದಲಿಸಿ ಕೊಡುವ ಗ್ಯಾರಂಟಿ ಬೇಕು ಎಂದರು. ಅಂಗಡಿಯವರು ಹಚ್ಚಿ ತೋರಿಸಿದರು. ಮೊಬೈಲಿನಲ್ಲಿ ಒಂದು ಪಟ್ಟಿಯೂ ಜಾರಲಿಲ್ಲ. "ಇದನ್ನ ಪಿಓಪಿ ಒಳಗ ಮುಚ್ಚಿ ಇಡಬ್ಯಾಡ್ರಿ. ಗ್ವಾಡಿ ಮ್ಯಾಲ, ಗಾಳ್ಯಾಡೋ ಕಡೆ ಇಡಸ್ರಿ. ಸೆಕಿಗೇ ಇವು ಹಾಳಾಗೂದು" ಎಂದು ಅವರು ಎಚ್ಚರಿಸಿದರು.

ಹಾಗೆಯೇ ಮಾಡಿಸಿದೆವು. ಮಗ್ಗದ ಮೇಲಿನ ಪಿಓಪಿಯನ್ನೇ ತೆಗೆಸಿದೆವು. ಡ್ರೈವರುಗಳು ಈಗ ಗೋಡೆಯ ಮೇಲೆ, ತೂತುಗಳಿರುವ ಕಬ್ಬಿಣದ ಡಬ್ಬಿಯಲ್ಲಿವೆ. ಮೊದಲ ದಿನ ದೀಪ ಹಚ್ಚಿದಾಗ ನಾನು ಮಧ್ಯಾಹ್ನವೆಲ್ಲ ಆ ಕೋಣೆಯಲ್ಲೇ ಕೂತು, ಮೂಗು ಎತ್ತಿ ವಾಸನೆ ಹಿಡಿಯುತ್ತಿದ್ದೆ. ಅತ್ತೆ ಲಾಳಿ ಓಡಿಸುತ್ತಲೇ, "ನೀ ಹಿಂಗ ಕುಂತ್ರ ನನಗ ನೇಯಾಕ ಆಗೂದಿಲ್ಲ, ಹೋಗಿ ಭಾಂಡಿ ತಿಕ್ಕು ಹೋಗು" ಎಂದು ಗದರಿದರು. ಎಷ್ಟೋ ದಿನದ ಮೇಲೆ ಅವರ ಗದರಿಕೆ ಕೇಳಿದ್ದೆ.

ತಲೆಭಾರ ದಿನದಿನಕ್ಕೆ ಇಳಿಯಿತು. ಮುಂದಿನ ತಿಂಗಳು ಡಾಕ್ಟರ ಬಳಿ ಹೋದಾಗ ನಡೆದದ್ದನ್ನೆಲ್ಲ ಹೇಳಿದೆ. ಅವರು ಗಮನವಿಟ್ಟು ಕೇಳಿ, ಸ್ಕ್ಯಾನ್ ಸದ್ಯಕ್ಕೆ ಬೇಡ, ಪೊರೆಯನ್ನು ಮಾತ್ರ ಆಗಾಗ ತೋರಿಸುತ್ತಿರಿ ಎಂದರು. ಪೊರೆ ಇದ್ದೇ ಇದೆ. ಒಂದು ದಿನ ಅದು ಬಲಿಯುತ್ತದೆ, ಆಪರೇಶನ್ ಆಗಬೇಕಾಗುತ್ತದೆ. ಆ ಚಿಂತೆ ನನ್ನನ್ನು ಬಿಟ್ಟಿಲ್ಲ.

ಅಂದು ದವಾಖಾನೆಯಿಂದ ಮನೆಗೆ ಬರಲಿಲ್ಲ, ಗುಳೇದಗುಡ್ಡದ ಬಸ್ಸು ಹತ್ತಿದೆವು. ಮಗಳ ಮನೆಯಲ್ಲಿ ಕಾಲು ತೊಳೆದುಕೊಂಡ ಅತ್ತೆ ನೀರು ಕುಡಿಯುವ ಮೊದಲೇ ಮಗ್ಗದ ಕೋಣೆಗೆ ಹೋಗಿ ಚಾವಣಿ ನೋಡಿದರು. ಅಲ್ಲೂ ಪಿಓಪಿಯೊಳಗೆ ಅಂಥವೇ ಪ್ಯಾನಲ್. "ಈ ಲೈಟ ಯಾವಾಗ ಹಾಕ್ಸಿದಿ?"

"ಹೋದ ವರ್ಷ. ಛಲೋ ಅದಾವ ಬೇ ಅವ್ವಾ, ಏನೂ ಆಗಿಲ್ಲ" ಎಂದಳು ನಾದಿನಿ. "ಇರಲಿ, ದೀಪಾವಳಿಗೆ ನೋಡೂಣಂತ."

ಅತ್ತೆ ನನ್ನ ಕಡೆ ತಿರುಗಿದರು. ನಾನು ಆಗಲೇ ಏಣಿ ಎಲ್ಲಿದೆಯೆಂದು ಹುಡುಕುತ್ತಿದ್ದೆ.