ಕಣಕ್ಕೆ ಬೀಗ ಹಾಕಿದ ವಿಷಯವಾಗಿ

ಮಾನ್ಯ ಓದುಗರಲ್ಲಿ,

ಮೊದಲನೆಯದಾಗಿ, ನನ್ನ ಕಾಗುಣಿತದ ತಪ್ಪುಗಳನ್ನೂ ಅಂದವಿಲ್ಲದ ಅಕ್ಷರಗಳನ್ನೂ ಮನ್ನಿಸಬೇಕಾಗಿ ವಿನಂತಿ. ಇದುವರೆಗೆ ನಾನು ಬರೆದಿರುವುದೆಲ್ಲ ಅರ್ಜಿಗಳು, ರಜಾ ಚೀಟಿಗಳು ಮತ್ತು ನಾನು ಕೆಲಸಕ್ಕಿದ್ದ ಶಾಲೆಯ ಕಚೇರಿಯಿಂದ ಪೋಷಕರಿಗೆ ಹೋಗುತ್ತಿದ್ದ ಸೂಚನಾ ಪತ್ರಗಳು ಮಾತ್ರ. ಮನಸ್ಸಿನಲ್ಲಿರುವುದನ್ನು ಬರೆಯಲು ಬೇರೆ ಧಾಟಿ ಇರಬಹುದು. ನನಗೆ ತಿಳಿದಿರುವುದು ಇದೊಂದೇ. ಬೆಂಗಳೂರಿನಲ್ಲಿ ನಾವು ವಾಸವಿದ್ದ ಬಡಾವಣೆಯ ಸಂಘದವರು ತಮ್ಮ ವಾರ್ಷಿಕ ಸಂಚಿಕೆಗಾಗಿ, "ಊರು ಬಿಟ್ಟು ಹೋದಿರಲ್ಲ, ಅಲ್ಲಿ ಹೇಗಿದೆ ಬರೆಯಿರಿ. ಮಕ್ಕಳಿರುವ ನಾವು ಕೆಲವರು ಹೊರಡುವ ಯೋಚನೆಯಲ್ಲಿದ್ದೇವೆ" ಎಂದು ಕೇಳಿದ್ದರಿಂದ ಈ ಸಂಗತಿಗಳನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ನಾವು ಬಂದ ಮಾರನೆಯ ಬೆಳಿಗ್ಗೆ ಹಿಂದಿನ ಬಾಗಿಲು ತೆರೆದಾಗ, ನಮ್ಮದೆಂದು ತಿಳಿದಿದ್ದ ಜಾಗದಲ್ಲಿ ಕೆಲವು ಹೆಂಗಸರು ಕುಳಿತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಬೇವಿನ ಮರಕ್ಕೆ ಯಾರದೋ ಹಸು ಕಟ್ಟಿತ್ತು. ನಾನು ಬೆಚ್ಚಿ ನಿಂತೆ. ಅವರಲ್ಲಿ ಯಾರೂ ಬೆಚ್ಚಲಿಲ್ಲ. ಎಲ್ಲರಿಗಿಂತ ಹಿರಿಯಾಕೆ, ಹಣೆ ತುಂಬ ವಿಭೂತಿ ಧರಿಸಿದ್ದವರು, ತಲೆಯೆತ್ತಿ ನೋಡಿ, "ಎದ್ರಾ ಕಣವ್ವ? ನಮ್ದು ಆಗ್ಲೇ ಒಂದ್ ಗುಡ್ಡೆ ಆಯ್ತು" ಎಂದರು. ಅವರ ಮನೆಗೆ ನಾನು ನೆಂಟಳಾಗಿ ಬಂದು ಹೊತ್ತು ಮೀರಿ ಮಲಗಿದ್ದೆನೋ ಎಂಬಂತಿತ್ತು ಆ ಮಾತು. ಇವರೇ ಪಕ್ಕದ ಮನೆಯ ಮಹದೇವಮ್ಮನವರು. ಮುಂದೆ ಬರೆಯುವುದೆಲ್ಲ ಬಹುಮಟ್ಟಿಗೆ ಇವರಿಗೆ ಸಂಬಂಧಿಸಿದ್ದು.

ನಾವು ಇಲ್ಲಿಗೆ ಬಂದ ಕಾರಣವನ್ನು ತಿಳಿಸಬೇಕು. ನಮ್ಮ ಯಜಮಾನರಿಗೆ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಮೊದಲು ತಾಂಡವಪುರದ ಕಡೆ ಮನೆ ನೋಡಿದೆವು. ರಸ್ತೆ ಬದಿಯಲ್ಲಿ ನಮಗೆ ತೋರಿಸಿದ ಮನೆಗಳು ಬೆಂಗಳೂರಿನವೇ ಎದ್ದು ಬಂದು ಅಲ್ಲಿ ನಿಂತಂತೆ ಕಂಡವು. ಕಡೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ, ಸೋಸಲೆಗೆ ಹತ್ತಿರದ ಹಳ್ಳಿಯೊಂದರಲ್ಲಿ ಈ ಮನೆ ಸಿಕ್ಕಿತು. ಹಳ್ಳಿಯ ಹೆಸರನ್ನು ಉದ್ದೇಶಪೂರ್ವಕವಾಗಿ ಬರೆದಿಲ್ಲ. ಸಂಚಿಕೆ ಯಾರ ಕೈಗೆ ಹೋಗುವುದೋ ತಿಳಿಯದು. ಮೈಸೂರಿನಲ್ಲಿರುವ ಮನೆ ಮಾಲೀಕರು, "ಒಂದು ವರ್ಷ ಬಾಡಿಗೆಗಿದ್ದು ನೋಡಿ, ಹಿಡಿಸಿದರೆ ಕೊಂಡುಕೊಳ್ಳಿ" ಎಂದರು. ಹಿಂದಿನ ವಿಶಾಲವಾದ ಬಯಲನ್ನು ತೋರಿಸಿ, "ಇದೂ ಖಾತೆಯಲ್ಲೇ ಸೇರಿದೆ, ಖಾಲಿ ಜಾಗ" ಎಂದರು. ಆ ಖಾಲಿ ಜಾಗಕ್ಕಾಗಿಯೇ ನಾವು ಬಂದೆವು.

ಬೆಂಗಳೂರಿನ ನಮ್ಮ ಮನೆ ಮೂರನೆಯ ಮಹಡಿಯಲ್ಲಿತ್ತೆಂಬುದು ತಮ್ಮಲ್ಲಿ ಹಲವರಿಗೆ ಗೊತ್ತು. ಕೆಳಗಿನವರಿಗೆ ಸದ್ದಾಗಬಾರದೆಂದು ನಮ್ಮ ಸಿರಿಗೆ ಕುಣಿಯಬೇಡ, ಓಡಬೇಡ ಎಂದು ಹೇಳಿ ಹೇಳಿ, ಮಗು ತುದಿಗಾಲಲ್ಲಿ ನಡೆಯುವುದನ್ನೇ ನಡಿಗೆಯೆಂದು ಕಲಿತಿತ್ತು. ಇಲ್ಲಿ ಮಣ್ಣಿನ ಮೇಲೂ ಕೆಲವು ದಿನ ಹಾಗೆಯೇ ನಡೆಯಿತು. ಮಹದೇವಮ್ಮನವರು ನೋಡಿ, "ಕೂಸ್ಗೆ ಅಂಗಾಲಲ್ಲಿ ಮುಳ್ಳೇನಾರ ಚುಚ್ಚದಾ, ತೋರ್ಸು ಮಗ" ಎಂದು ಕಾಲು ಹಿಡಿದು ಹುಡುಕಿದರು. ನಾನು ಕಾರಣ ಹೇಳಲಿಲ್ಲ. ಹೇಳಿದ್ದರೆ ಊರಿಗೆಲ್ಲ ಹರಡುತ್ತಿತ್ತೆಂಬ ಭಯ.

ಭಯಕ್ಕೆ ಆಧಾರವಿತ್ತು. ಇಲ್ಲಿಯವರ ಪ್ರಶ್ನೆಗಳು ಬೆಳಿಗ್ಗೆಯೇ ಆರಂಭವಾಗುತ್ತವೆ. "ಏನ್ ಸಾರವ್ವ ಇವತ್ತು?" ಎಂದು ಎದುರಾದವರೆಲ್ಲ ಕೇಳುವರು. ಬೆಂಗಳೂರಿನಲ್ಲಿ ಎದುರು ಬಾಗಿಲಿನವರ ಪೂರ್ಣ ಹೆಸರು ನನಗೆ ಕಡೆಯವರೆಗೂ ತಿಳಿಯಲಿಲ್ಲ. ಇಲ್ಲಿ ನನ್ನ ಒಲೆಯ ಮೇಲಿನದು ಬೀದಿಗೆಲ್ಲ ತಿಳಿಯಬೇಕು. ಮಾತು ಕನ್ನಡವೇ ಆದರೂ ನನ್ನ ಕನ್ನಡವಲ್ಲ. ಮನೆಗೆ ಅಟ್ಟಿ ಎನ್ನುತ್ತಾರೆ, ಮಕ್ಕಳಿಗೆ ಐಕ್ಳು. "ನಿಮ್ಮಟ್ಟಿಯವ್ರು ಏನ್ ಕೆಲ್ಸ? ಬೆಂಗ್ಳೂರ್ ಬುಟ್ಟು ಇಲ್ಗ್ಯಾಕೆ ಬಂದ್ರಿ? ಅಟ್ಟಿ ತಗತೀರಾ, ಇಂದ್ಲ ಜಾಗಾನೂ ತಗತೀರಾ?" ಎಂದು ಮಹದೇವಮ್ಮನವರು ಸೊಪ್ಪು ಬಿಡಿಸುತ್ತ ಕೇಳುತ್ತಿದ್ದರು. ಕೇಳಿದ್ದನ್ನೇ ಬೇರೆ ದಿನ ಬೇರೆ ರೀತಿಯಲ್ಲಿ ಕೇಳುವರು. ನನ್ನ ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಪರೀಕ್ಷಿಸುತ್ತಿದ್ದಾರೆಂದು ನನಗೆ ಅನುಮಾನ.

ಅಲ್ಲದೆ ದಿನವೂ ಏನಾದರೊಂದು ತಂದುಕೊಡುವರು: ಬದನೆಕಾಯಿ, ಅವರೆಕಾಯಿ, ಒಂದು ಲೋಟ ಗಿಣ್ಣದ ಹಾಲು. ಬೆಂಗಳೂರಿನಲ್ಲಿ ಪರಿಚಯವಿಲ್ಲದವರು ಪುಕ್ಕಟೆ ಏನಾದರೂ ಕೊಟ್ಟರೆ ಅದರ ಹಿಂದೆ ಚೀಟಿಯೋ ವಿಮೆಯೋ ಇರುತ್ತಿತ್ತು. ಇಲ್ಲಿ ಯಾವುದಿದೆ ಎಂದು ನಾನು ಕಾಯುತ್ತಿದ್ದೆ. ಅಷ್ಟರಲ್ಲಿ ಮರಕ್ಕೆ ಕಟ್ಟುತ್ತಿದ್ದ ಹಸುವಿನ ಪಕ್ಕ ಕರುವೂ ಬಂತು, ಮೂಲೆಯಲ್ಲಿ ಸೌದೆ ಒಟ್ಟಿದರು. ಫೋನಿನಲ್ಲಿ ನನ್ನ ತಮ್ಮ, "ಅಕ್ಕಾ, ಹೀಗೇ ಶುರುವಾಗೋದು. ಇವತ್ತು ಸೌದೆ, ನಾಳೆ ಶೀಟ್ ಹಾಕ್ತಾರೆ, ನಾಡಿದ್ದು ಕೋರ್ಟಲ್ಲಿ ನಮ್ಮದು ಅಂತಾರೆ. ಬೇಲಿ ಹಾಕ್ಸಿ" ಎಂದ. ಕೊಳ್ಳಲಿರುವ ಜಾಗ ಕೊಳ್ಳುವ ಮೊದಲೇ ಕೈತಪ್ಪಿದರೆ ನಾವು ಮತ್ತೆ ಮಹಡಿ ಮನೆಗೇ ಹೋಗಬೇಕು. ಮಾಲೀಕರು "ಧಾರಾಳವಾಗಿ ಹಾಕಿಸಿಕೊಳ್ಳಿ" ಎಂದರು. ಆಷಾಢದಲ್ಲಿ ಕಲ್ಲುಕಂಬ ನೆಟ್ಟು, ತಂತಿ ಎಳೆಸಿ, ಗೇಟಿಗೆ ಬೀಗ ಹಾಕಿದೆವು. ಮಹದೇವಮ್ಮನವರ ಮಗ ಮಹೇಶ ಹಸುವನ್ನು ಬಿಚ್ಚಿಕೊಂಡು ಹೋಗುವಾಗ, "ಬೇಲಿ ಚೆನ್ನಾಗ್ ಬಂದದೆ ಸಾ" ಎಂದು ಯಜಮಾನರಿಗೆ ಹೇಳಿದರು. ಅದು ಮೆಚ್ಚುಗೆಯೋ ಬೈಗುಳವೋ ಎಂದು ನಾವಿಬ್ಬರೂ ಊಟ ಮುಗಿಯುವವರೆಗೆ ಚರ್ಚಿಸಿದೆವು.

ಯಾರೂ ಜಗಳಕ್ಕೆ ಬರಲಿಲ್ಲ. ಪ್ರಶ್ನೆಗಳು ನಿಂತವು, ಸೊಪ್ಪು ನಿಂತಿತು. ಬಸ್ಸಿನ ಬಳಿ ನಾನಾಗಿಯೇ "ಏನ್ ಸಾರು?" ಎಂದರೆ "ಏನೋ ಒಂದು" ಎಂಬ ಉತ್ತರ ಬರುತ್ತಿತ್ತು. ನಾವು ಬಯಸಿದ ಜಾಗ ಪೂರ್ತಿಯಾಗಿ ನಮಗೇ ದೊರೆತಿತ್ತು. ಸಿರಿ ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಒಬ್ಬಳೇ ಓಡಿ, ಬಂದು, "ಅಮ್ಮ, ಈಗೇನ್ ಮಾಡ್ಲಿ?" ಎಂದು ಕೇಳುತ್ತಿದ್ದಳು. ಮಹೇಶರ ಮಕ್ಕಳು ತಂತಿಯ ಆಚೆ ನಿಂತು ನೋಡಿ ಹೋಗುತ್ತಿದ್ದರು. ಅಂದಿನ ಒಂಟಿತನವನ್ನು ವಿವರಿಸಲು ನನಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಯಾರೂ ಮಾತನಾಡಿಸದಿದ್ದರೆ ಅವರವರ ಕೆಲಸ ಅವರವರಿಗೆ ಎಂದು ಸುಮ್ಮನಾಗುತ್ತಿದ್ದೆವು. ಇಲ್ಲಿ ಹಾಗೆ ಸುಮ್ಮನಾಗಲು ಆಗುವುದಿಲ್ಲ.

ಹುರುಳಿ ಕಟಾವಿನ ಕಾಲ ಬಂತು. ಒಂದು ಸಂಜೆ ಯಜಮಾನರು ನಂಜನಗೂಡಿನಿಂದ ಬೈಕಿನಲ್ಲಿ ಬರುತ್ತಿದ್ದಾಗ, ನಮ್ಮ ಮನೆಗೆ ಸ್ವಲ್ಪ ಮೊದಲೇ, ರಸ್ತೆಯ ಮೇಲೆ ಹರಡಿದ್ದ ಹುರುಳಿಯ ಮೇಲೆ ಚಕ್ರ ಜಾರಿ ಬಿದ್ದರು. ಮುಂಗೈ ಮೂಳೆ ಬಿರುಕು ಬಿಟ್ಟಿತು. ಎತ್ತಿಕೊಂಡು ತಿ. ನರಸೀಪುರದ ಆಸ್ಪತ್ರೆಗೆ ಕರೆದೊಯ್ದವರು ಮಹೇಶ. ಹುರುಳಿಯೂ ಮಹೇಶರದೇ. ಬಿದ್ದ ಕೂಡಲೇ ಅವರು ಅಲ್ಲಿ ಹೇಗಿದ್ದರು, ನಮ್ಮ ದಾರಿಗೇ ಏಕೆ ಹರಡಿದರು ಎಂದು ನನ್ನ ತಲೆಯಲ್ಲಿ ಒಂದೇ ಸಮನೆ ಓಡಿತು. ಬೆಳಿಗ್ಗೆ ಮಹದೇವಮ್ಮನವರ ಬಾಗಿಲಿಗೆ ಹೋಗಿ, ಈವರೆಗೆ ಯಾರೊಂದಿಗೂ ಆಡದಷ್ಟು ಜೋರಾಗಿ ಮಾತನಾಡಿದೆ.

"ರಸ್ತೆ ಇರೋದು ಗಾಡಿ ಓಡಾಡೋಕೆ. ಅಲ್ಲಿ ಹುರುಳಿ ಹಾಕೋದು ಯಾವ ನ್ಯಾಯ? ಬೇಕು ಅಂತಲೇ ಹಾಕಿದೀರಿ."

ಮಹದೇವಮ್ಮನವರು ಮೊರ ಕೆಳಗಿಟ್ಟರು. "ಕಣಕ್ಕೆ ಬೀಗ ಆಕ್ಬುಟ್ಟು, ಉಳ್ಳಿ ರಸ್ತೇಲಿ ಯಾಕಾಕಿದ್ರಿ ಅಂತೀಯಲ್ಲವ್ವ! ಇನ್ನೆಲ್ಲಾಕನ, ತಲೆ ಮ್ಯಾಲಾ?"

"ಯಾವ ಕಣ?"

"ಯಾವ್ ಕಣ ಅಂದ್ರೆ! ನಿನ್ ಕೂಸು ಓಡಾಡ್ತದಲ್ಲ, ಅದೇ ಕಣ. ನಮ್ಮತ್ತೆ ಕಾಲ್ದಿಂದ್ಲೂ ನಾಕಟ್ಟಿಯೋರು ಅಲ್ಲೇ ಒಕ್ಕೋದು. ನಿಮ್ ಓನರ್ರು ಏಳ್ನಿಲ್ವಾ?"

ಹೇಳಿರಲಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಓದುಗರಿಗಾಗಿ ಸ್ಪಷ್ಟಪಡಿಸುತ್ತೇನೆ: ಕಣವೆಂದರೆ ಕೊಯ್ದು ತಂದ ಬೆಳೆಯನ್ನು ಹರಡಿ, ತುಳಿಸಿ, ತೂರಿ, ಕಾಳು ಬೇರ್ಪಡಿಸುವ ಜಾಗ. ಸಗಣಿ ಸಾರಿಸಿ ಗಟ್ಟಿ ಮಾಡಿರುತ್ತಾರೆ. ಚಪ್ಪಲಿ ಮೆಟ್ಟಿ ಕಾಲಿಡುವುದಿಲ್ಲ. ಸುಗ್ಗಿ ಕಳೆದ ಮೇಲೆ ನೋಡಿದವರಿಗೆ ಅದು ಖಾಲಿ ಜಾಗ. ನಾವು ಸುಗ್ಗಿ ಕಳೆದ ಮೇಲೆ ನೋಡಿದ್ದೆವು. ಅದರ ಮೇಲೆ ಚಪ್ಪಲಿಯಲ್ಲಿ ಓಡಾಡಿದ್ದೆವು, ಬೈಕ್ ನಿಲ್ಲಿಸಿದ್ದೆವು.

"ಹಾಗಾದರೆ ಬೇಲಿ ಹಾಕುವಾಗಲೇ ಏಕೆ ಹೇಳಲಿಲ್ಲ?" ಎಂದು ಕೇಳಿದೆ.

ಉತ್ತರ ಕೊಟ್ಟವರು ಮಹೇಶ. "ಅಕ್ಕ, ನೀವು ಸೈಟ್ ಮಾಡೋ ಕಡೆಯೋರು ಅನ್ಕಂಡಿದ್ದೋ. ಬೆಂಗ್ಳೂರಿಂದ ಗಂಡ ಹೆಂಡ್ತಿ ಬಂದು ಇಷ್ಟ್ ದೊಡ್ ಜಾಗ ನೋಡ್ತಾರೆ ಅಂದ್ರೆ ಇನ್ನೇನ್ ಅನ್ಕಳದು? ಏನ್ ಕೇಳಿದ್ರೂ ನೀವು ಅರ್ಧ ಏಳಿ ಅರ್ಧ ನುಂಗ್ತಿದ್ರಿ."

"ಅದಕ್ಕೇ ದಿನಾ ಬಂದು ಹುಣಸೆಹಣ್ಣು ಕುಟ್ತಿದ್ರಾ?"

ಮಹದೇವಮ್ಮನವರು ನಕ್ಕರು. "ಉಣ್ಸೆಣ್ಣು ನಮ್ ಜಗ್ಲೀಲೂ ಕುಟ್ಬೋದಾಗಿತ್ತು ಕಣ್ ಮಗ. ಜನ ಕೂತಿದ್ರೆ ಯಾರೂ ಟೇಪ್ ಇಡ್ಕಂಡ್ ಅಳ್ಯಾಕ್ ಬರಾಕಿಲ್ಲ ಅಂತ."

ಅಂದರೆ ನನ್ನ ಅನುಮಾನ ಸುಳ್ಳಾಗಿರಲಿಲ್ಲ. ಅವರು ನಿಜಕ್ಕೂ ಜಾಗ ಹಿಡಿದು ಕುಳಿತಿದ್ದರು, ನಾವು ಹಿಡಿಯದಿರಲೆಂದು. ಈ ಸಮಾಧಾನ ನನಗೆ ಇಂದಿಗೂ ಒಂದು ಬಗೆಯ ಸಂಕಟವನ್ನುಂಟುಮಾಡುತ್ತದೆ. ಅದೇ ದಿನ ಗೇಟಿನ ಬೀಗ ತೆಗೆದೆ. ಮಧ್ಯಾಹ್ನ ಮಹದೇವಮ್ಮನವರ ಅಟ್ಟಿಯಿಂದ ಬಸ್ಸಾರು ಬಂತು, ಜೊತೆಗೆ "ಅಡ್ಗೆ ಮಾಡಿರಲ್ಲ ನೀನು" ಎಂಬ ಬೈಗುಳವೂ.

ಕೆಲವು ದಿನಗಳಲ್ಲಿ ಮಾಲೀಕರ ಫೋನ್ ಬಂತು. ಹೊರಗಿನವರೊಬ್ಬರು ಹಿಂದಿನ ಜಾಗವನ್ನಷ್ಟೇ ಕೇಳುತ್ತಿದ್ದಾರೆ, ಸೈಟು ಮಾಡುತ್ತಾರಂತೆ. ನೀವು ಎರಡನ್ನೂ ಕೊಳ್ಳುವುದಾದರೆ ಬೇಗ ತಿಳಿಸಿ ಎಂದರು. ಯಜಮಾನರು ಕೈಗೆ ಪಟ್ಟಿ ಕಟ್ಟಿಕೊಂಡೇ ಮಹದೇವಮ್ಮನವರ ಜಗಲಿಗೆ ಹೋಗಿ ಕುಳಿತರು. ನಾನೂ ಹೋದೆ.

"ನೀವೇ ತಗಳ್ರಪ್ಪ" ಎಂದರು ಮಹದೇವಮ್ಮನವರು.

"ತಗೊಂಡ ಮೇಲೆ, ಕಣ ನಮ್ಮದು ಅಂತ ನೀವು ಕೇಸು ಹಾಕಿದರೆ?" ಎಂದರು ಯಜಮಾನರು.

"ತಗಂಡ್ಮೇಲೆ ನೀವೇ ಸೈಟ್ ಮಾಡುದ್ರೆ?"

ಮಹೇಶ, "ಸಾ, ಇಬ್ರೂ ಒಂದೊಂದ್ ಕಾಗ್ದ ಬರ್ಕೊಟ್ಬುಡದಾ?" ಎಂದರು. ಅದು ನನಗೆ ಅತ್ಯಂತ ಸೂಕ್ತವಾಗಿ ಕಂಡಿತು. ಕರಡು ನಾನೇ ಸಿದ್ಧಪಡಿಸುವುದಾಗಿ ಹೇಳಿದೆ.

"ಸುಮ್ನಿರ್ಲಾ" ಎಂದು ಮಹದೇವಮ್ಮನವರು ಮಗನನ್ನು ಗದರಿದರು. "ಕಾಗ್ದ ಬರ್ದ್ಮೇಲೆ ಆ ಕಾಗ್ದ ಇಡ್ಕಂಡೇ ಮಾತಾಡ್ಬೇಕಾಯ್ತದೆ. ಒಕ್ಕೋ ಕಾಲಕ್ಕೆ ಬೀಗ ತಗಿ, ಮಿಕ್ಕ ಕಾಲ್ದಲ್ಲಿ ನಿನ್ ಕೂಸು ಆಡ್ಕಳ್ಳಿ. ಆಯ್ತಾ?"

ಇಷ್ಟರ ಮೇಲೆ ನಾವು ಮನೆಯನ್ನೂ ಕಣವನ್ನೂ ಕೊಂಡೆವು. ನೋಂದಣಿಯಾಗಿದೆ. ಬೇಲಿಯನ್ನು ಕೀಳಿಸಿಲ್ಲ, ಗೇಟಿಗೆ ಬೀಗ ಹಾಕುತ್ತಿಲ್ಲ. ಮಾಡಿದ್ದು ಸರಿಯೇ ಎಂದು ಯಜಮಾನರೂ ನಾನೂ ಸರದಿಯ ಮೇಲೆ ಅನುಮಾನಪಡುತ್ತೇವೆ. ಒಬ್ಬರಿಗೆ ಧೈರ್ಯವಿದ್ದ ದಿನ ಇನ್ನೊಬ್ಬರಿಗೆ ಇರುವುದಿಲ್ಲ.

ಆ ಬಳಿಕ ಮೆದೆಯಲ್ಲಿ ಒಟ್ಟಿದ್ದ ರಾಗಿಯ ಒಕ್ಕಣೆ ನಡೆಯಿತು. ಹೆಂಗಸರ ಜೊತೆ ನಾನೂ ಕಣ ಸಾರಿಸಿದೆ. ನಾನು ಸಾರಿಸಿದ ಪಟ್ಟಿ ಅಂಕುಡೊಂಕಾಗಿದೆಯೆಂದು ಎಲ್ಲರೂ ನಕ್ಕರು, ಆದರೂ ಅಳಿಸಿ ಮತ್ತೆ ಸಾರಿಸಲಿಲ್ಲ. ಅದನ್ನು ನನ್ನ ಗೆಲುವೆಂದೇ ಭಾವಿಸಿದ್ದೇನೆ. ಟ್ರ್ಯಾಕ್ಟರ್ ಓಡಿಸಿ, ತೂರಿ, ರಾಶಿ ಮಾಡಿ ಪೂಜೆಯಾಯಿತು. ಮಹೇಶ ಡಬ್ಬದಿಂದ ಅಳೆಯುತ್ತ ಮೊದಲನೆಯದಕ್ಕೆ ಒಂದು ಎನ್ನದೆ "ಲಾಭ" ಎಂದರು. ಲೆಕ್ಕ ಮುಚ್ಚಿಡುತ್ತಿದ್ದಾರೆಂದು ನಾನು ಕಣ್ಣರಳಿಸಿ ನೋಡಿದೆ. ಅಳೆಯುವ ಪದ್ಧತಿಯೇ ಹಾಗೆಂದು ಪಕ್ಕದಲ್ಲಿದ್ದವರು ಹೇಳಿದರು. ರಸ್ತೆಯಲ್ಲಿ ಹೋಗುತ್ತಿದ್ದ ಭಿಕ್ಷುಕರೊಬ್ಬರು ಒಳಗೆ ಬಂದರು. ಕಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದಂತೆ. ಅವರ ಜೋಳಿಗೆಗೂ ರಾಗಿ ಬಿತ್ತು.

ಅನಂತರ ಮಹದೇವಮ್ಮನವರು ಮೊರದ ತುಂಬ ರಾಗಿ ತುಂಬಿಕೊಂಡು ನನ್ನ ಕಡೆಗೆ ಬಂದರು. ನಾನು ಕೈಚಾಚಲಿಲ್ಲ. ಕಣದ ಒಡೆಯರೆಂದು ಕೊಡುತ್ತಿದ್ದರೆ ನಮ್ಮ ಹಕ್ಕನ್ನು ಒಪ್ಪಿದಂತೆ. ಕಣಕ್ಕೆ ಬಂದವರೆಂದು ಕೊಡುತ್ತಿದ್ದರೆ ಜೋಳಿಗೆಯವರಿಗೂ ನಮಗೂ ವ್ಯತ್ಯಾಸವಿಲ್ಲ. ಕೇಳದಿರಲು ನನ್ನಿಂದ ಆಗಲಿಲ್ಲ.

"ದೊಡ್ಡವ್ವ, ಇದು ಯಾವ ಲೆಕ್ಕದ್ದು? ಕಣದೋರು ಅಂತಲೋ, ಕಣಕ್ಕೆ ಬಂದೋರು ಅಂತಲೋ?"

"ಒಡ್ಡವ್ವ ಮೊದ್ಲು, ಕೈ ಸೋಲ್ತದೆ" ಎಂದರು ಅವರು.

ವೇಲ್ ಒಡ್ಡಿದೆ. ಸುರಿದು ಹೋದರು. ಉತ್ತರ ಇದುವರೆಗೆ ಬಂದಿಲ್ಲ. ಆ ರಾಗಿಯಲ್ಲಿ ಅರ್ಧವನ್ನು, ನೋಡಲು ಬಂದಿದ್ದ ತಮ್ಮನ ಕೈಯಲ್ಲಿ ಬೆಂಗಳೂರಿಗೆ, "ನಮ್ಮ ಕಣದ್ದು" ಎಂದು ಹೇಳಿ ಕಳುಹಿಸಿದೆ. ಮಹದೇವಮ್ಮನವರ ಎದುರಿನಲ್ಲಿ ಮಾತ್ರ ಇಂದಿಗೂ "ನಿಮ್ಮ ಕಣ" ಎಂದೇ ಹೇಳುತ್ತೇನೆ.

ಇದರಲ್ಲಿ ಕಂಡುಬರುವ ದೋಷಗಳಿಗೆ ಓದುಗರು ದಯವಿಟ್ಟು ಕೆಂಪು ಶಾಯಿಯಲ್ಲಿ ಗುರುತು ಹಾಕಿ ತಿದ್ದಿಕೊಡಬೇಕೆಂದೂ, ಅಕ್ಷರದ ತಪ್ಪುಗಳಲ್ಲದೆ ಬೇರೆ ತಪ್ಪುಗಳು ಕಂಡರೆ ಅವನ್ನೂ ಬಿಡದೆ ತಿಳಿಸಬೇಕೆಂದೂ ಕೋರುತ್ತೇನೆ.