ಐದು ಫೂಟಿನ ದೋಣಿಗೆ ಯಾವ ಮೋಟಾರು

ನಾನು ಓದಿದ್ದು ಮೂರನೇ ಇಯತ್ತೆಯವರೆಗೆ ಮಾತ್ರ. ಆದರೆ ಹುಬ್ಬಳ್ಳಿಯ ನಮ್ಮ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಯಜಮಾನರ ಪಕ್ಕ ಕೂತು ಮೂವತ್ತು ವರ್ಷ ಮೋಟಾರಿಗೆ ತಂತಿ ಸುತ್ತಿದ್ದೇನೆ. ಹೀಗಾಗಿ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದ ಮೊಮ್ಮಗಳು ಒಂದು ಮುಂಜಾನೆ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, "ಆಯಿ, ನನ್ನ ದೋಣಿಗೆ ಯಾವ ಮೋಟಾರ್ ಹಾಕ್ಲಿ?" ಎಂದು ಕೇಳಿದಾಗ ನನಗಾದ ಹಿಗ್ಗನ್ನು ಹೇಗೆ ಬರೆಯಲಿ! ಕಾಲೇಜಿನ ದೊಡ್ಡ ದೊಡ್ಡವರನ್ನು ಬಿಟ್ಟು ನನ್ನನ್ನು ಕೇಳಿದ್ದಳು. ಕುಕ್ಕರಿನ ಸೀಟಿ ಎಣಿಸುವುದನ್ನು ಮರೆತೆ, ಬೇಳೆ ತಳ ಹಿಡಿಯಿತು. ಯಾರೂ ಬೈಯಲಿಲ್ಲ. ಬೈದಿದ್ದರೂ ನನಗೆ ಕೇಳಿಸುತ್ತಿರಲಿಲ್ಲ.

ಅದು ಆಟಿಕೆಯ ದೋಣಿಯಲ್ಲ, ಅವಳ ಕೊನೆಯ ವರ್ಷದ ಪ್ರಾಜೆಕ್ಟು. ಐದು ಫೂಟು ಉದ್ದ, ದಡದಲ್ಲಿ ನಿಂತು ರಿಮೋಟಿನಿಂದ ನಡೆಸುವಂಥದ್ದು. ಕೆರೆಯ ನಡುವೆ ಮುಳುಗುತ್ತಿರುವವರು ಗಾಳಿ ತುಂಬಿದ ಟ್ಯೂಬೊಂದನ್ನು ಹಿಡಿದುಕೊಂಡರೆ ಈ ದೋಣಿ ಆ ಟ್ಯೂಬನ್ನು ಕೊಂಡಿಗೆ ಸಿಕ್ಕಿಸಿಕೊಂಡು ದಡಕ್ಕೆ ಎಳೆದು ತರಬೇಕು. ಪರೀಕ್ಷೆಯ ದಿನ ಮನುಷ್ಯನ ಬದಲು ಟ್ಯೂಬಿಗೆ ಉಸುಕಿನ ಚೀಲ ಕಟ್ಟುತ್ತಾರೆ. ಅವಳ ಜೋಡಿ ಇದ್ದ ಇಬ್ಬರು ಗೆಳತಿಯರು ಇದು ಆಗುವ ಕೆಲಸವಲ್ಲವೆಂದು ಬೇರೆ ಸುಲಭದ್ದನ್ನು ಹಿಡಿದಿದ್ದರು. ದೋಣಿ ನಡುನೀರಿನಲ್ಲಿ ನಿಂತರೆ ಅಥವಾ ಮುಳುಗಿದರೆ ಇವಳೊಬ್ಬಳೇ ಫೇಲು. ಉಳಿದವರೆಲ್ಲ ಕಾಲೇಜು ಮುಗಿಸಿ ಹೋದ ಮೇಲೆ ಮತ್ತೆ ಮೊದಲಿನಿಂದ ಮಾಡಬೇಕು. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಉಗುರು ಕಚ್ಚುತ್ತಿದ್ದಳು, ನಾನು ನೋಡುತ್ತಿದ್ದೆ.

ಮೊದಲು ಅವಳು ತಂದದ್ದು ಹೆಬ್ಬಳ್ಳಿಯ ರೈತರೊಬ್ಬರ ಹಳೆಯ ಹುಲ್ಲು ಕೊಯ್ಯುವ ಮಷಿನ್ನಿನ ಪೆಟ್ರೋಲ್ ಎಂಜಿನ್. ಅಂಗಡಿಯ ಹಿಂದೆ ಪಂಪು ಪರೀಕ್ಷೆ ಮಾಡುವ ಸಿಮೆಂಟಿನ ನೀರಿನ ಟಾಕಿ ಇದೆ. ದೋಣಿಯನ್ನು ಅದರಲ್ಲಿ ಬಿಟ್ಟು, ಬಾಲಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಉಳ್ಳಾಗಡ್ಡಿ ಚೀಲ ತೂಗುವ ಸ್ಪ್ರಿಂಗ್ ಕಾಟಾ ಸಿಕ್ಕಿಸಿದೆವು. ದೋಣಿ ಎಷ್ಟು ಎಳೆಯುತ್ತದೆ ಎಂದು ಕಾಟಾ ತೋರಿಸುತ್ತದೆ. ಎಂಜಿನ್ ಶುರುವಾದದ್ದೇ ಓಣಿಯ ನಾಯಿಗಳೆಲ್ಲ ಎದ್ದವು. ದೋಣಿಯ ಅಡಿಯ ಪಂಕಾ ತಿರುಗಿ ಟಾಕಿಯ ನೀರು ನೊರೆನೊರೆಯಾಗಿ ನನ್ನ ಸೀರೆಯೆಲ್ಲ ತೊಯ್ದು ಹೋಯಿತು.

"ಎಷ್ಟ್ ಆತು, ಆಯಿ?" ಎಂದು ಆ ಗದ್ದಲದಲ್ಲಿ ಕೂಗಿದಳು.

"ಐದೂವರಿ ಕಿಲೋ! ಇಷ್ಟ್ ಒದರಾಡಿ ಇಷ್ಟ ಎಳೀತೈತಿ? ಇದು ಹಿಂದಕ್ಕ ಬರತೈತೇನು?"

"ಇಲ್ಲ. ಇದಕ್ಕ ರಿವರ್ಸ್ ಇಲ್ಲ."

"ಹಂಗಾರ ಕೊಂಡಿ ತಪ್ಪಿದ್ರ ಸುತ್ತು ಹಾಕ್ಕೊಂಡ್ ಬರಬೇಕು. ಅಷ್ಟ್ರಾಗ ಮುಳಗಾಕತ್ತಾವನ ಕೈಗೆ ಪಂಕಾ ತಾಗಿದ್ರ? ಉಳಸಾಕ ಹೊಂಟಿಯೋ, ಕಡ್ಯಾಕ ಹೊಂಟಿಯೋ?"

ಅವಳು ಸಿಟ್ಟಿನಿಂದ ಎಂಜಿನ್ ಬಂದ್ ಮಾಡಿದಳು. ಆದರೆ ಮರುವಾರ ಕರೆಂಟಿನ ಮೋಟಾರು ತಂದಳು. ನನ್ನ ಮುಷ್ಟಿಯಷ್ಟೇ ಇತ್ತು, ಬ್ಯಾಟರಿಯಿಂದ ನಡೆಯುತ್ತದೆ, ಮುಂದಕ್ಕೂ ಹಿಂದಕ್ಕೂ ತಿರುಗುತ್ತದೆ. ಅದನ್ನು ಸೀದಾ ಶಾಫ್ಟಿಗೆ, ಅಂದರೆ ದೋಣಿಯ ಹಿಂದಿನ ತೂತಿನಿಂದ ನೀರಿಗಿಳಿಯುವ ಸರಳಿಗೆ, ಜೋಡಿಸಿ ತುದಿಗೆ ಸಣ್ಣ ಪಂಕಾ ಹಾಕಿದ್ದಳು. ಟಾಕಿಗೆ ಬಿಟ್ಟರೆ ಪಂಕಾ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗಿತು, ಕಾಟಾ ಮಾತ್ರ ನಾಲ್ಕು ದಾಟಲಿಲ್ಲ. ಮೋಟಾರಿನ ಮೇಲೆ ಕೈಯಿಟ್ಟೆ. ಹಂಚಿನ ಹಾಗೆ ಕಾದಿತ್ತು. ಸ್ವಲ್ಪ ಹೊತ್ತು ಬಿಟ್ಟಿದ್ದರೆ ಒಳಗಿನ ತಂತಿ ಸುಡುತ್ತಿತ್ತು. ಸುಟ್ಟ ತಂತಿಯ ವಾಸನೆ ನನಗೆ ಒಗ್ಗರಣೆಯ ವಾಸನೆಗಿಂತ ಮೊದಲು ತಿಳಿಯುತ್ತದೆ.

"ತಂಗಿ, ನಿನಗ ಓಡೂದು ಬೇಕೋ, ಎಳಿಯೂದು ಬೇಕೋ? ಗಿರಣಿ ನೋಡು. ಮೋಟಾರಿಗೆ ಸಣ್ಣ ಪುಲ್ಲಿ, ಬೀಸೂ ಕಲ್ಲಿಗೆ ದೊಡ್ಡ ಪುಲ್ಲಿ. ಮೋಟಾರ್ ಮ್ಯಾಲ ಕೂಡಸು, ಶಾಫ್ಟ್ ಕೆಳಗ ಇರ್ಲಿ, ನಡಬರಕ ಬೆಲ್ಟ್ ಹಾಕು. ಪಂಕಾ ದೊಡ್ಡದು ಮಾಡು, ನಿಧಾನ ತಿರಗ್ಲಿ."

ಅವಳು ನನ್ನನ್ನು ನೋಡಿದ ರೀತಿಗೆ ನಾನು ಇನ್ನೊಂದು ಅಡಿ ಎತ್ತರವಾದೆ! ಹಾಗಂತ ಅವಳು ಎಲ್ಲವನ್ನೂ ಒಪ್ಪಲಿಲ್ಲ. ಬೆಲ್ಟಿನ ವಿಷಯಕ್ಕೆ ಎರಡು ದಿನ ಜಗಳವಾಯಿತು. ನನಗೆ ಗಿರಣಿಯ ಹಾಗೆ ನುಣುಪು ಬೆಲ್ಟು ಬೇಕಿತ್ತು, ಪಂಕಾಕ್ಕೆ ಏನಾದರೂ ಸಿಕ್ಕಿಕೊಂಡರೆ ಬೆಲ್ಟು ಜಾರಿ ಮೋಟಾರು ಉಳಿಯುತ್ತದೆ. ಅವಳಿಗೆ ಹಲ್ಲಿನ ಬೆಲ್ಟೇ ಬೇಕು. "ನೀರ್ ಬಿದ್ರ ನಿನ್ನ ಬೆಲ್ಟ್ ಜಾರತೈತಿ, ಆಯಿ" ಎಂದಳು. "ದೋಣಿ ಒಳಗ ನೀರ್ ಎಲ್ಲಿಂದ ಬರಬೇಕು?" ಎಂದು ನಾನು ನಕ್ಕೆ. ಕೊನೆಗೆ ಮೋಟಾರು ನನ್ನ ಮಾತಿನಂತೆ ಅರ್ಧ ಗೇಣು ಎತ್ತರದ ಹಲಗೆಯ ಮೇಲೆ ಬ್ಯಾಟರಿಯ ಪಕ್ಕ ಕೂತಿತು, ಬೆಲ್ಟು ಅವಳ ಮಾತಿನಂತೆ ಹಲ್ಲಿನದೇ ಬಂತು. ಟಾಕಿಯಲ್ಲಿ ಕಾಟಾ ಒಂಬತ್ತು ತೋರಿಸಿತು. ಸಪ್ಪಳವಿಲ್ಲ. ನಾವಿಬ್ಬರೂ ತೊಯ್ದ ಕೈಯಲ್ಲೇ ಒಬ್ಬರನ್ನೊಬ್ಬರು ಹಿಡಿದು ಕುಣಿದೆವು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು.

ಪಂಪಿನ ಶಾಫ್ಟು ಹೊರಗೆ ಬರುವ ತೂತಿಗೆ ಗ್ರೀಸು ಹಚ್ಚಿದ ದಾರ ತುಂಬಿ, ನಟ್ಟಿನಿಂದ ಒತ್ತಿ ಹಿಡಿಯುತ್ತೇವೆ. ಗ್ಲ್ಯಾಂಡ್ ಎನ್ನುತ್ತಾರೆ. ಅದನ್ನು ಪೂರ್ತಿ ಬಿಗಿ ಮಾಡಬಾರದು. ಹನಿ ಹನಿ ನೀರು ಬೀಳುತ್ತಿರಬೇಕು, ಒಣಗಿದರೆ ಶಾಫ್ಟು ಸುಡುತ್ತದೆ. ಯಜಮಾನರು ಪಂಪಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹನಿ ಎಣಿಸುತ್ತಿದ್ದರು. ನಾನೂ ಎಣಿಸಿದ್ದೇನೆ. ದೋಣಿಯ ಶಾಫ್ಟಿಗೂ ಅಂಥದೇ ಗ್ಲ್ಯಾಂಡನ್ನು ನಾನೇ ಮಾಡಿಕೊಟ್ಟಿದ್ದೆ. ಮೊಮ್ಮಗಳು ಅದನ್ನು ಒಂದು ಹನಿಯೂ ಬರದಂತೆ ಬಿಗಿ ಮಾಡಿದ್ದಳು. ಪರೀಕ್ಷೆಯ ದಿನ ಮುಂಜಾನೆ ಅವಳು ಜಳಕಕ್ಕೆ ಹೋದಾಗ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿದೆ. ಬಿಗಿ ಅನ್ನಿಸಿತು. ನಟ್ಟು ತಿರುಗಿಸುವ ಪಾನಾ ತೆಗೆದು ಗ್ಲ್ಯಾಂಡಿನ ನಟ್ಟನ್ನು ಕಾಲು ಸುತ್ತು ಸಡಿಲ ಮಾಡಿದೆ. ಒಳ್ಳೆಯದೇ ಮಾಡಿದೆನೆಂದು ಚಹಾ ಕುಡಿದೆ.

ಸುಳ್ಳ ಎಂಬ ಊರಿನ ಕಡೆಯ ಕೆರೆಯಲ್ಲಿ ಪರೀಕ್ಷೆ. ದಡದ ಜಾಲಿಮರದ ನೆರಳಿನಲ್ಲಿ ಇಬ್ಬರು ಮಾಸ್ತರು ಕೂತಿದ್ದರು, ಅವರಲ್ಲಿ ಒಬ್ಬರು ಬೇರೆ ಕಾಲೇಜಿನಿಂದ ಬಂದವರು. ದೋಣಿ ಸಪ್ಪಳವಿಲ್ಲದೆ ನಡುನೀರಿಗೆ ಹೋಯಿತು. ಮೊದಲ ಸಲ ಕೊಂಡಿ ತಪ್ಪಿತು. ಮೊಮ್ಮಗಳು ಮೆಲ್ಲಗೆ ಹಿಂದಕ್ಕೆ ತಂದಳು, ಟ್ಯೂಬು ಸಿಕ್ಕಿತು. ನನ್ನ ಎದೆ ಹಿಗ್ಗಿ ಕುಪ್ಪಸ ಬಿಗಿಯಾಯಿತು.

ತಿರುಗಿ ಬರುವಾಗ ದೋಣಿಯ ಹಿಂಭಾಗ ತಗ್ಗಿತ್ತು.

"ಹಿಂದ ಯಾಕ ಕುಂದ್ರಾಕತ್ತೇತಿ?" ಎಂದೆ.

"ಟ್ಯೂಬ್ ಎಳ್ಯಾಕತ್ತೇತಲ್ಲ, ಅದಕ್ಕ."

ಇನ್ನಷ್ಟು ತಗ್ಗಿತು. ಆಗ ನನಗೆ ಹೊಳೆಯಿತು. ಪಂಪಿನ ಹನಿ ಹೊರಗೆ ನೆಲಕ್ಕೆ ಬೀಳುತ್ತದೆ. ದೋಣಿಯ ಹನಿ ಎಲ್ಲಿಗೆ ಬೀಳಬೇಕು? ಒಳಗೇ. ಶಾಫ್ಟು ತಿರುಗಿದಷ್ಟೂ ಬೀಳುತ್ತದೆ.

"ತಂಗಿ, ಗ್ಲ್ಯಾಂಡಿನ ನಟ್ ನಾ ಸಡ್ಲ ಮಾಡೇನಿ."

ಅವಳು ದೋಣಿಯಿಂದ ಕಣ್ಣು ತೆಗೆಯಲಿಲ್ಲ. "ಎಷ್ಟು?"

"ಕಾಲ್ ಸುತ್ತು."

"ಯವ್ವಾ..." ಅವಳ ಹೆಬ್ಬೆರಳು ರಿಮೋಟಿನ ಕೆಂಪು ಗುಂಡಿಯ ಮೇಲೆ ಹೋಯಿತು. ಅದನ್ನು ಒತ್ತಿದರೆ ಕೊಂಡಿ ಬಿಚ್ಚಿ ಟ್ಯೂಬು ಬಿಟ್ಟುಹೋಗುತ್ತದೆ. ದೋಣಿ ಉಳಿಯುತ್ತದೆ, ಪರೀಕ್ಷೆ ಹೋಗುತ್ತದೆ. "ಬಿಡ್ಲೇನು, ಆಯಿ?"

ನನ್ನ ತಪ್ಪಿಗೆ ಅವಳು ನನ್ನನ್ನೇ ಕೇಳುತ್ತಿದ್ದಳು. ದೋಣಿಯ ಕಡೆ ನೋಡುತ್ತ ಲೆಕ್ಕ ಹಾಕಿದೆ. "ಮೋಟಾರ್, ಬ್ಯಾಟರಿ ಅರ್ಧ ಗೇಣು ಮ್ಯಾಲ ಅದಾವು. ನೀರ್ ಇನ್ನೂ ಅಲ್ಲೀತನಕ ಬಂದಿಲ್ಲ. ಬೆಲ್ಟ್ ತೊಯ್ದಿರತೈತಿ."

"ಹಲ್ಲಿನ ಬೆಲ್ಟ್. ಜಾರಂಗಿಲ್ಲ."

"ಹಂಗಾರ ಬಿಡಬ್ಯಾಡ. ಜೋರ್ ಮಾಡಬ್ಯಾಡ, ಜೋರ್ ಮಾಡಿದ್ರ ಹಿಂದ ಇನ್ನೂ ಕುಂದರತೈತಿ. ನಿಲ್ಲಸಲೂಬ್ಯಾಡ. ಎತ್ತು ನಡಿಯೂಹಂಗ ನಡಸು."

ಅವಳು ಹೆಬ್ಬೆರಳನ್ನು ಕೆಂಪು ಗುಂಡಿಯಿಂದ ತೆಗೆದಳು. ದೋಣಿ ಎತ್ತು ನಡೆಯುವ ಹಾಗೆ ಬಂತು. ಹಿಂಭಾಗದ ಅಂಚು ನೀರಿನ ಮೇಲೆ ಮೊದಲು ನಾಲ್ಕು ಬೆರಳಿನಷ್ಟು ಕಾಣುತ್ತಿತ್ತು, ಆಮೇಲೆ ಮೂರು. ಮಾಸ್ತರಿಬ್ಬರೂ ಎದ್ದು ನಿಂತರು. ನಾನು ದೇವರ ಹೆಸರು ಹೇಳಬೇಕೆಂದರೆ ಒಂದೂ ನೆನಪಾಗಲಿಲ್ಲ. ಎರಡು ಬೆರಳು. ಒಂದು ಸಣ್ಣ ತೆರೆ ಹಿಂದಿನ ಅಂಚಿನ ಮೇಲೆ ಹಾದು ಹೋಯಿತು. ಮೊಮ್ಮಗಳು ರಿಮೋಟನ್ನು ನನ್ನ ಕೈಗೆ ತುರುಕಿ, "ಹಿಂಗ ಹಿಡಕೋ, ಅಳ್ಳಾಡಸಬ್ಯಾಡ" ಎಂದು ಸೊಂಟದ ತನಕ ನೀರಿಗಿಳಿದಳು. ದೋಣಿ ಅವಳ ಕೈ ಮುಟ್ಟಿದಾಗ ನಾನು ಉಸಿರು ಬಿಟ್ಟೆ. ಹಿಂದೆಯೇ ಉಸುಕಿನ ಚೀಲದ ಟ್ಯೂಬೂ ಬಂದು ಮಣ್ಣು ಮುಟ್ಟಿತು.

ಮುಚ್ಚಳ ತೆಗೆದು ನೋಡಿದರೆ ಒಳಗೆ ಅರ್ಧ ಬಕೆಟ್ಟು ನೀರು. ಮೋಟಾರು ಮಾತ್ರ ತೊಯ್ದಿರಲಿಲ್ಲ.

"ಇಷ್ಟು ನೀರು ಹೆಂಗ ಬಂತವಾ?" ಎಂದು ಹೊರಗಿನಿಂದ ಬಂದ ಮಾಸ್ತರು ಕೇಳಿದರು.

"ನಮ್ಮ ಆಯಿ ಬೇಕಂತನ ಬಿಟ್ಟಾಳ್ರಿ ಸರ್. ನೀರ್ ತುಂಬಿದ್ರೂ ನಡೀತೈತಿಲ್ಲೋ ನೋಡಾಕ."

ನನಗೆ ತಡೆಯಲಾಗಲಿಲ್ಲ. "ಸುಳ್ಳ್ರಿ ಸರ್! ನಾ ಪಂಪಿನಾಕಿ, ಹನಿ ಬೀಳ್ಲಿ ಅಂತ ನಟ್ ಸಡ್ಲ ಮಾಡಿದ್ನಿ. ಆಕಿದೇನೂ ತಪ್ಪಿಲ್ರಿ. ಆಕಿ ಬಿಗಿನ ಮಾಡಿದ್ಲು."

ಅವರು ಒದ್ದೆ ಬೆಲ್ಟನ್ನು ಬೆರಳಿನಿಂದ ತಿರುಗಿಸಿ ನೋಡಿದರು. "ಮೋಟಾರ್ ಮ್ಯಾಲ ಕೂಡಸಿದ್ದು ಯಾರು?"

"ಆಯಿ ರಿ."

"ಹಲ್ಲಿನ ಬೆಲ್ಟು?"

"ಆಕಿ ರಿ," ಎಂದೆ ನಾನು. "ಎರಡ ದಿನ ಜಗಳಾಡಿ ಹಾಕ್ಯಾಳ."

ಅವರು ನಗುತ್ತ ಏನೋ ಬರೆದುಕೊಂಡರು. ಮೊಮ್ಮಗಳು ಪಾಸಾದಳು. ಇದನ್ನು ಬರೆಯುವಾಗಲೂ ನನ್ನ ಕಣ್ಣು ತುಂಬಿ ಅಕ್ಷರ ಓಲಾಡುತ್ತವೆ. ಓಣಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಕಾಯಿಪಲ್ಲೆಯವಳಿಗಂತೂ ಮೂರು ಸಲ ಹೇಳಿದ್ದಕ್ಕೆ ಅವಳು ಬುಟ್ಟಿ ಎತ್ತಿಕೊಂಡು ಓಡಿದಳು.

ಆ ದಿನ ಟೆಂಪೋದಲ್ಲಿ ದೋಣಿ ಹೇರಿಕೊಂಡು ಮನೆಗೆ ಬರುವಾಗ ಮೊಮ್ಮಗಳು ಕೈ ಚಾಚಿದಳು. "ಪಾನಾ ಇಲ್ಲೆ ಕೊಡು."

ಸೊಂಟದ ಚೀಲದಿಂದ ತೆಗೆದು ಕೊಟ್ಟೆ. ಅವಳು ಅದನ್ನು ತನ್ನ ಬ್ಯಾಗಿನಲ್ಲಿ ಹಾಕಿ ಜಿಪ್ ಎಳೆದಳು. ಆಮೇಲೆ ತಲೆಯನ್ನು ನನ್ನ ಹೆಗಲ ಮೇಲಿಟ್ಟು ಮಲಗಿದಳು. ಪಾನಾ ಇನ್ನೂ ವಾಪಸ್ ಕೊಟ್ಟಿಲ್ಲ.